ಕುಂದಾಪುರ ಹೊಳೆಯಲ್ಲಿ ದೋಣಿ ಮೇಲಿಂದ ಏಡಿ, ಕೆಂಬೇರಿ: ಯಾವ ಬಲೆ, ಯಾವ ಹೊತ್ತು?

ಗಾಳದ_ಗೀಳು:

ಡಿಸೆಂಬರಿನಲ್ಲಿ ಮೂರು ದಿನ, ಇಬ್ಬರು. 16 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್, ನಡೆಸೋಕೆ ಊರಿನವರೊಬ್ಬರು. ಇಷ್ಟು ಗೊತ್ತು ಮಾಡಿಕೊಂಡಾಗಿದೆ. ಕಡಲಿಗೆ ಇಳಿಯಲ್ಲ. ಹೇರಿಕುದ್ರು, ಆನಗಳ್ಳಿ, ಉಪ್ಪಿನಕುದ್ರು ಸುತ್ತ ಹೊಳೆಯೊಳಗೇ ತಿರುಗಾಟ. ಗೊತ್ತಿರೋರು ಹೇಳಿ:

1. ಏಡಿಗೆ ರಿಂಗ್ (ಬಳೆ) ಬಲೆಯೋ, ಮಡಚುವ ಪೆಟ್ಟಿಗೆ ಬಲೆಯೋ? ಎಷ್ಟು ಬೇಕು?
2. ಎರೆಗೆ ಕೋಳಿ ಕರುಳು ಸಾಕಾ, ಮೀನೇ ಆಗಬೇಕಾ?
3. ಕೈಯಲ್ಲಿರೋದು 7 ಅಡಿ ರಾಡ್, 2500 ಗಾತ್ರದ ರೀಲ್, 12 ಪೌಂಡ್ ತಡೆಯುವ ಮೋನೊ (ಒಂಟಿ ಎಳೆಯ ನೈಲಾನ್) ಲೈನ್. ಕೆರೆ ಮೀನಿಗೆ ಕೊಂಡದ್ದು. ಕೆಂಬೇರಿ (ಕೆಂಪು ಸ್ನ್ಯಾಪರ್), ಬಾರಾಮುಂಡಿ ಮೀನಿಗೆ ಇದು ನಡೆಯುತ್ತಾ?
4. ದಿನ ಹುಣ್ಣಿಮೆ ಕಳೆದ ಏಳು, ಎಂಟು, ಒಂಬತ್ತನೇದು. ಇದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಭರ್ತ_ಇಳ್ತ:

ಹ್ವಾಯ್, ನಾಲ್ಕನೇ ಪ್ರಶ್ನೆಯನ್ನ ಮೊದಲು ಕೇಳ್ಬೇಕಿತ್ತು. ಬಲೆ, ರಾಡು ಎಲ್ಲ ಆಮೇಲಿನ ಮಾತು.

ನೀವು ಹೇಳಿದ ದಿನ ಅಷ್ಟಮಿಯ ಆಸುಪಾಸು. ಈ ಭಾಗದಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನಷ್ಟು ಅಂತರ ಇದ್ರೆ, ಅಷ್ಟಮಿಗೆ ಅದು ಅರ್ಧ, ಮುಕ್ಕಾಲು ಮೀಟರಿಗೆ ಬಂದು ನಿಲ್ಲುತ್ತೆ. ಸೆಳೆತ ಸತ್ತ ಹಾಗೆ. ಏಡಿ ಎರೆಯನ್ನ ಹುಡುಕೋದು ಕಣ್ಣಿಂದಲ್ಲ, ವಾಸನೆಯಿಂದ. ಆ ವಾಸನೆಯನ್ನ ಹೊತ್ತುಕೊಂಡು ಹೋಗೋಕೆ ನೀರು ಹರೀಬೇಕು. ನಿಂತ ನೀರಲ್ಲಿ ಎಂತಹ ಎರೆ ಕಟ್ಟಿದ್ರೂ ಅದರ ಸುದ್ದಿ ಹತ್ತು ಅಡಿ ದಾಟಲ್ಲ. ಇನ್ನೊಂದು ವಿಷಯ: ದೊಡ್ಡ ಭರತದಲ್ಲಿ ಕಾಂಡ್ಲಾ (ಉಪ್ಪುನೀರಿನಂಚಿನ ಮರ) ಬೇರುಗಳ ನಡುವೆ ನೀರು ನುಗ್ಗುತ್ತೆ, ಏಡಿ ಬಿಲ ಬಿಟ್ಟು ಅದರ ಹಿಂದೆಯೇ ಮೇಲೆ ಹತ್ತುತ್ತೆ. ಅಷ್ಟಮಿಗೆ ಕಾಂಡ್ಲಾ ನೆಲ ಮುಳುಗೋದೇ ಕಷ್ಟ.

ಹೊತ್ತಿನ ಲೆಕ್ಕ ಹೀಗೆ. ಹುಣ್ಣಿಮೆ, ಅಮಾವಾಸ್ಯೆ ದಿನ ಅಳಿವೆಯಲ್ಲಿ ಭರತ ತುಂಬೋದು ಹಗಲು, ರಾತ್ರಿ ಎರಡೂ ಸಲ ಸುಮಾರು 11ರಿಂದ 12ರೊಳಗೆ. ದಿನಕ್ಕೆ ಹತ್ತಿರ ಹತ್ತಿರ 50 ನಿಮಿಷ ತಡ ಆಗ್ತಾ ಹೋಗಿ, ಅಷ್ಟಮಿಗೆ ಬೆಳಗಿನ ಮತ್ತು ಸಂಜೆಯ 5-6ಕ್ಕೆ ಬರುತ್ತೆ. ಮೊಬೈಲಿನ ಭರತ ಪಟ್ಟಿಯಲ್ಲಿ ಮಲ್ಪೆಯದ್ದು ನೋಡಿ, ಆದರೆ ಅದು ಕಡಲ ಬಾಯಿಯ ಲೆಕ್ಕ. ಗಂಗೊಳ್ಳಿ ಅಳಿವೆಯಿಂದ ಬಸ್ರೂರು ಕಡೆ ಮೇಲೆ ಹೋದಷ್ಟೂ ತಡ. ಎಷ್ಟು ತಡ ಅಂತ ತಿಳಿಯೋಕೆ ಮೊದಲ ದಿನ ಸೇತುವೆ ಕಂಬದ ಮೇಲಿನ ಚಿಪ್ಪಿನ ಗೆರೆ ನೋಡ್ತಾ ಗಡಿಯಾರ ನೋಡಿದ್ರೆ ಸಾಕು. ದಿನದ ಎರಡು ಭರತವೂ ಒಂದೇ ಎತ್ತರ ಬರಲ್ಲ, ಪಟ್ಟಿಯಲ್ಲಿ ದೊಡ್ಡದು ಯಾವುದು ಅಂತ ನೋಡಿಯೇ ಹೊರಡಿ.

ದಿನ ಬದಲಾಯಿಸೋಕೆ ಆಗದಿದ್ರೂ ಪರವಾಗಿಲ್ಲ. ಮಧ್ಯಾಹ್ನ ಇಳಿತ ಮುಗಿದು ಸಂಜೆವರೆಗೆ ನೀರು ಏರುತ್ತೆ, ಅದರಲ್ಲಿ 3.30ರಿಂದ ಕತ್ತಲಾಗುವವರೆಗೆ ಕೆಲಸ ಮಾಡಿ. ಅಗಲದ ಹೊಳೆ ಬಿಟ್ಟು ಕುದ್ರುಗಳ (ಹೊಳೆ ನಡುವಿನ ದ್ವೀಪ) ನಡುವಿನ ಕಿರುತೋಡು ಹಿಡೀರಿ. ಜಾಗ ಕಿರಿದಾದಲ್ಲಿ ಸಣ್ಣ ಭರತವೂ ಎಳೆಯುತ್ತೆ. ಆಯ್ಕೆ ಇದ್ರೆ ಮಾತ್ರ ಅಮಾವಾಸ್ಯೆಯ ಮರುದಿನದಿಂದ ಮೂರು ದಿನ ಇಟ್ಕೊಳ್ಳಿ.

ಏಡಿಗೂಡು:

1 ಮತ್ತು 2ಕ್ಕೆ ನಾನು ಹೇಳ್ತೇನೆ.

ದೋಣಿಯಲ್ಲೇ ಕೂತು ಎರಡು ಮೂರು ತಾಸು ಹಿಡಿಯೋದಾದ್ರೆ ರಿಂಗ್. ಇಟ್ಟು ಹೋಗಿ ಗಾಳ ಹಾಕೋದಾದ್ರೆ ಪೆಟ್ಟಿಗೆ. ಇಬ್ಬರಿಗೆ 8 ರಿಂಗ್ ಮತ್ತು 2 ಪೆಟ್ಟಿಗೆ ಧಾರಾಳ. ಹದಿನೈದು ಇಪ್ಪತ್ತು ರಿಂಗ್ ತುಂಬಿಕೊಂಡು ಹೋಗೋರು ಕೊನೆಗೆ ಹಗ್ಗ ಬಿಡಿಸೋದರಲ್ಲೇ ಭರತ ಕಳೀತಾರೆ.

ರಿಂಗ್ ಅಂಗಡಿಯಲ್ಲಿ ಕೊಳ್ಳಬೇಡಿ, ಮಾಡಿಸಿ. 8 ಎಂಎಂ ಕಬ್ಬಿಣದ ಸರಳು 2 ಮೀಟರ್ ಬಗ್ಗಿಸಿ ಬೆಸುಗೆ ಹಾಕಿದ್ರೆ 63 ಸೆಂ.ಮೀ. ಅಗಲದ ಬಳೆ ಆಗುತ್ತೆ, ತೂಕ 800 ಗ್ರಾಂ ಹತ್ತಿರ. ಅಷ್ಟಮಿಯ ಸೆಳೆತಕ್ಕೆ ಇದು ಸಾಕು. ಹುಣ್ಣಿಮೆ, ಅಮಾವಾಸ್ಯೆಗೆ 10 ಎಂಎಂ ಸರಳು ಬೇಕು, ಒಂದೂಕಾಲು ಕೆ.ಜಿ. ಆಗುತ್ತೆ. ಹಗುರ ರಿಂಗ್ ಸೆಳೆತಕ್ಕೆ ಉರುಳುತ್ತೆ, ಒಂದು ಬದಿ ಎದ್ದು ನಿಲ್ಲುತ್ತೆ, ಏಡಿ ಎರೆ ತಿಂದು ಅಡಿಯಿಂದಲೇ ಹೊರಡುತ್ತೆ. ಖಾಲಿ ಎರೆದಾರ ಮಾತ್ರ ಮೇಲೆ ಬರ್ತಾ ಇದ್ರೆ ಕಾರಣ ಬಹುಪಾಲು ಇದೇ.

ಬಲೆ ದಪ್ಪ ನೈಲಾನ್ ನೂಲಿನದ್ದು, ಕಣ್ಣು 40-50 ಎಂಎಂ, ನಡುವೆ 20-25 ಸೆಂ.ಮೀ. ಜೋಲಬೇಕು. ಮೋನೊ ಬಲೆ ಅಗ್ಗ ಅಂತ ಹಾಕಿದ್ರೆ ಏಡಿ ಕಾಲು ಸಿಕ್ಕಿಸಿಕೊಳ್ಳುತ್ತೆ, ಒಂದೊಂದನ್ನ ಬಿಡಿಸೋಕೆ ಐದೈದು ನಿಮಿಷ, ಕಾಲು ಮುರಿಯೋದು ಬೇರೆ. ಬಳೆಗೆ ಮೂರು ಕಡೆಯಿಂದ ಅರ್ಧ ಮೀಟರಿನ ದಾರ ಕಟ್ಟಿ ಮೇಲೆ ಒಂದುಗೂಡಿಸಿ, ಆ ಗಂಟಿನ ಹತ್ತಿರ ಚಪ್ಪಲಿ ರಬ್ಬರಿನ ಒಂದು ತುಂಡು ಸಿಕ್ಕಿಸಿ. ತಳದಲ್ಲಿ ಮೂರೂ ದಾರ ಎರೆ ಮೇಲೆ ಬೀಳದೆ ನಿಂತಿರೋಕೆ ಅದು. ಯಾರೂ ಮಾಡಲ್ಲ, ಮಾಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ.

ಹಗ್ಗ ಆಳದ ಒಂದೂವರೆ, ಎರಡು ಪಟ್ಟು; ಈ ಹೊಳೆಯಲ್ಲಿ 5-6 ಮೀಟರ್. ಅಂಗಡಿಯವರು ಕೊಡೋ ನೀಲಿ ಪ್ಲಾಸ್ಟಿಕ್ ಹಗ್ಗ ನೀರಲ್ಲಿ ತೇಲುತ್ತೆ, ತೇಲಿದ್ದು ನಿಮ್ಮ ಪ್ರೊಪೆಲರಿಗೋ ಬೇರೆಯವರದ್ದಕ್ಕೋ ಸುತ್ತುತ್ತೆ. ನೈಲಾನ್ ಹಗ್ಗ ಮುಳುಗುತ್ತೆ, ಅದನ್ನೇ ಹಾಕಿ. ತೇಲುಗೆ ಒಂದು ಲೀಟರಿನ ಬಿಳಿ ಕ್ಯಾನ್ ನಡೆಯುತ್ತೆ. ಗುರುತಿಗೆ ಬಣ್ಣದ ಪಟ್ಟಿ ಬಳೀರಿ.

ಎರೆ ವಿಚಾರಕ್ಕೆ ಬಂದ್ರೆ, ಕೋಳಿ ಕರುಳು ವಾಸನೆಗೆ ಒಳ್ಳೆಯದೇ, ಆದರೆ ಹತ್ತು ನಿಮಿಷ ಉಳಿಯಲ್ಲ. ಬೂತಾಯಿ, ಬಂಗುಡೆಯೂ ಹಾಗೇ. ಎಣ್ಣೆ ಇದೆ, ವಾಸನೆ ದೂರ ಹೋಗುತ್ತೆ, ಆದರೆ ಮಾಂಸ ಮೆತ್ತಗೆ. ಸಣ್ಣ ಮೀನುಗಳು ಕಿತ್ತು ತಿಂದು ಏಡಿ ಬರೋ ಹೊತ್ತಿಗೆ ಮುಳ್ಳು ಮಾತ್ರ ಉಳಿದಿರುತ್ತೆ. ಚರ್ಮ ಗಟ್ಟಿ ಇರೋದು ಬೇಕು: ತೊರಕೆ ಮೀನಿನ ರೆಕ್ಕೆ, ಹಾವುಮೀನಿನ ತುಂಡು, ದೊಡ್ಡ ಮೀನಿನ ತಲೆ. ಗಂಗೊಳ್ಳಿ ಬಂದರಿನಲ್ಲಿ ಬೆಳಿಗ್ಗೆ ಕೇಳಿದ್ರೆ ಸಿಗುತ್ತೆ. ರಿಂಗಿಗೆ 150-200 ಗ್ರಾಂ ಲೆಕ್ಕ, 8 ರಿಂಗಿಗೆ ಬದಲಿ ಸೇರಿ ಒಂದು ಭರತಕ್ಕೆ ಎರಡೂವರೆ ಕೆ.ಜಿ. ಸರಿಹೋಗುತ್ತೆ. ಬಲೆಯ ನಡುವಿನ ಕಣ್ಣಿಗೆ ತಂತಿಯಿಂದ ಬಿಗಿದು ಕಟ್ಟಿ, ಸಡಿಲ ಬಿಟ್ರೆ ಏಡಿ ಎರೆಯನ್ನೇ ಎಳ್ಕೊಂಡು ಬಳೆಯ ಅಂಚಿಗೆ ಬಂದು ಕೂರುತ್ತೆ, ನೀವು ಎತ್ತುವಾಗ ಹೊರಗೆ ಬೀಳುತ್ತೆ.

ಇಡೋದು ಕಾಂಡ್ಲಾ ಅಂಚಿನಿಂದ 2-3 ಮೀಟರ್ ಆಚೆ, ಒಂದರಿಂದ ಮೂರು ಮೀಟರ್ ಆಳದಲ್ಲಿ, 15-20 ಮೀಟರಿಗೊಂದು. ಎಂಟನೇದು ಇಟ್ಟು ಮುಗಿಯುವಾಗ ಮೊದಲನೇದಕ್ಕೆ ಹದಿನೈದು ನಿಮಿಷ ಆಗಿರುತ್ತೆ, ಅಲ್ಲಿಂದ ಸುತ್ತು ಶುರು. ತೇಲುವಿನ ಹತ್ತಿರ ಯಾವಾಗಲೂ ಸೆಳೆತಕ್ಕೆ ಎದುರಾಗಿ ಬನ್ನಿ, ಸೆಳೆತದ ಜತೆ ಬಂದ್ರೆ ದೋಣಿ ಹಗ್ಗದ ಮೇಲೆ ಹತ್ತುತ್ತೆ. ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಹಗ್ಗದ ಸಡಿಲ ಮೆಲ್ಲಗೆ ತೆಗೆದು, ಹಗ್ಗ ನೆಟ್ಟಗೆ ನಿಂತಾಗ ಮೊದಲ ಒಂದು ಮೀಟರ್ ಜೋರಾಗಿ ಎತ್ತಿ. ಆಮೇಲೆ ನಿಲ್ಲಿಸದೆ ಒಂದೇ ಸಮ. ಓರೆಯಾಗಿ ಎಳೆದ್ರೆ ಬಳೆ ಓರೆ ಆಗುತ್ತೆ, ಏಡಿ ಈಜಿ ಹೋಗುತ್ತೆ. ಅದರ ಹಿಂದಿನ ಕಾಲು ಹುಟ್ಟಿನ ಹಾಗೆ ಇರೋದು ಸುಮ್ಮನೆ ಅಲ್ಲ. ಎರಡು ಸುತ್ತು ಖಾಲಿ ಬಂದ ರಿಂಗನ್ನ ಮೂರನೇ ಸಲ ಅಲ್ಲೇ ಬಿಡಬೇಡಿ.

ಪೆಟ್ಟಿಗೆ ಬಲೆಗೆ ಎರಡೇ ಮಾತು. ಅದರ ಬಾಯಿಗಳು ಸೆಳೆತದ ಉದ್ದಕ್ಕೆ ಇರಲಿ, ಅಡ್ಡಕ್ಕೆ ಅಲ್ಲ. ಏಡಿ ಬರೋದು ವಾಸನೆ ಹರಿಯೋ ಕಡೆಯಿಂದ, ಅಡ್ಡ ಇಟ್ರೆ ಅದು ಗೋಡೆಯನ್ನ ಕೆರೀತಾ ಕೂರುತ್ತೆ. ಎರಡನೇದು, ಬಾಗಿಲನ್ನ ಸೆಣಬಿನ ದಾರದಲ್ಲಿ ಕಟ್ಟಿ. ಹಗ್ಗ ಹರಿದು ಬಲೆ ಕಳೆದುಹೋದ್ರೂ ಕೆಲವು ವಾರದಲ್ಲಿ ದಾರ ಕೊಳೆತು ಬಾಗಿಲು ಬಿಚ್ಚಿಕೊಳ್ಳುತ್ತೆ. ನೈಲಾನ್ ದಾರ ಆದ್ರೆ ಆ ಬಲೆ ತಳದಲ್ಲಿ ವರ್ಷಗಟ್ಟಲೆ ಏಡಿ ಕೊಲ್ತಾನೇ ಇರುತ್ತೆ: ಒಳಗೆ ಸತ್ತದ್ದೇ ಮುಂದಿನದ್ದಕ್ಕೆ ಎರೆ.

ತೊಟ್ಟಿಲು_ದೋಣಿ:

ರಾಡಿನ ವಿಚಾರ. ರಾಡ್ ಗಟ್ಟಿ ಇದ್ರೆ ಉಳಿಸ್ಕೊಳ್ಳಿ, ರೀಲು ಮತ್ತು ಲೈನ್ ಬದಲಾಗಲೇಬೇಕು.

ಕೆಂಬೇರಿ ಅಂದ್ರೆ ಸೇತುವೆ ಕಂಬ, ಮುಳುಗಿದ ಮರ, ಕಲ್ಲುಕಟ್ಟಣೆಯ ಸಂದಿಯಲ್ಲಿ ಅಡಗಿ ಕೂರೋ ಮೀನು. ಎರೆ ಕಚ್ಚಿದ ಮರುಕ್ಷಣ ತಿರುಗಿ ಸಂದಿಗೆ ನುಗ್ಗುತ್ತೆ. ಮೊದಲ ಎರಡು ಮೂರು ಮೀಟರಿನಲ್ಲೇ ಎಲ್ಲ ತೀರ್ಮಾನ. 12 ಪೌಂಡ್ ಮೋನೊ ಹಿಗ್ಗುತ್ತೆ, ಆ ಹಿಗ್ಗಿನಲ್ಲೇ ಮೀನು ಮನೆ ಸೇರಿ ಲೈನನ್ನ ಸಿಪ್ಪಿಗೆ ಉಜ್ಜುತ್ತೆ. 4000 ಗಾತ್ರದ ರೀಲು, 30 ಪೌಂಡ್ ಬ್ರೇಡ್ (ಹೆಣೆದ ಲೈನ್), ಮುಂದೆ 40-50 ಪೌಂಡಿನ ಫ್ಲೋರೊಕಾರ್ಬನ್ ಲೀಡರ್ (ಗಾಳದ ಹತ್ತಿರದ ಗಟ್ಟಿ ಲೈನ್) 80 ಸೆಂ.ಮೀ. ಜೋಡಿಸೋಕೆ ಎಫ್‌ಜಿ ಗಂಟು. ಬಾರದಿದ್ರೆ ಡಬಲ್ ಯೂನಿ ಹಾಕಿ, ಆದರೆ ಮನೆಯಲ್ಲೇ ಹಾಕಿ ಎಳೆದು ನೋಡಿ. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಡುವ ಬಿಗಿ) ಅನ್ನ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ 4 ಕೆ.ಜಿ.ಗೆ ಬಿಗಿ ಮಾಡಿ. ಕೈ ಅಂದಾಜಿನ 4 ಕೆ.ಜಿ. ತಕ್ಕಡಿಯಲ್ಲಿ ಎರಡೂ ಇರಲ್ಲ.

ಗಾಳ 4/0 ಗಾತ್ರದ ಸರ್ಕಲ್ (ತುದಿ ಒಳಕ್ಕೆ ಬಾಗಿದ್ದು). ಬೀಸುಬಲೆಯಲ್ಲಿ ಸಿಕ್ಕ ಜೀವಂತ ಸೀಗಡಿಗಿಂತ ಒಳ್ಳೆಯ ಎರೆ ಇಲ್ಲ. ತಲೆಯ ಮೇಲಿನ ಮುಳ್ಳಿನ ಬುಡದಲ್ಲಿ ಚುಚ್ಚಿ, ಒಳಗೆ ಕಾಣೋ ಕಪ್ಪು ಚುಕ್ಕೆಗೆ ತಾಗಿದ್ರೆ ಅಲ್ಲೇ ಸತ್ತಿತು. ಸರ್ಕಲ್ ಗಾಳಕ್ಕೆ ರಾಡ್ ಬೀಸಿ ಹೊಡೀಬಾರದು. ಕೆರೆ ಮೀನಿನ ಅಭ್ಯಾಸ ಇದ್ದೋರು ಮೊದಲ ದಿನ ಪೂರ್ತಿ ಹೊಡೆದೂ ಹೊಡೆದೂ ಮೀನು ಕಳ್ಕೊಳ್ತಾರೆ. ಲೈನ್ ಬಿಗಿ ಆಯ್ತಾ, ರೀಲು ಸುತ್ತಿ, ಗಾಳ ತಾನಾಗಿ ಬಾಯಿಯ ಮೂಲೆಗೆ ಸಿಕ್ಕುತ್ತೆ.

ದೋಣಿ ನಿಲ್ಲಿಸೋದು ಕಂಬಕ್ಕೆ ಕಟ್ಟಿ ಅಲ್ಲ. ಕಂಬದಿಂದ 10-12 ಮೀಟರ್ ಮೇಲ್ಸೆಳೆತದಲ್ಲಿ ಲಂಗರು ಇಳಿಸಿ ಎರೆಯನ್ನ ಹರಿವಿನ ಜತೆ ಕಂಬದ ನೆರಳಿಗೆ ಬಿಡಿ. ಹಾಗೆ ನಿಂತ್ರೆ ಮೀನನ್ನ ಸಂದಿಯಿಂದ ನಿಮ್ಮ ಕಡೆಗೇ ಎಳೀಬಹುದು. ಲಂಗರು ಹಗ್ಗ ಆಳದ ನಾಲ್ಕು ಪಟ್ಟು ಬೇಕು, ಕಟ್ಟೋದು ಮೂತಿಗೆ. ಹಿಂಬದಿಗೆ, ಎಂಜಿನ್ ಪಕ್ಕಕ್ಕೆ ಕಟ್ಟಿ ನಿಂತ್ರೆ ಜೋರು ಇಳಿತದಲ್ಲಿ ನೀರು ಹಿಂದಿನಿಂದ ಒಳಗೆ ಬರುತ್ತೆ.

ಬಾರಾಮುಂಡಿಗೆ ಇಳಿತ ಒಳ್ಳೆಯದು. ಗದ್ದೆ ಕಡೆಯ ತೋಡು, ಕಿಂಡಿ ಅಣೆಕಟ್ಟಿನ ಕೆಳಗೆ, ಬಣ್ಣದ ನೀರು ತಿಳಿ ನೀರಿಗೆ ಸೇರೋ ಗೆರೆಯಲ್ಲಿ ಅದು ಕಾಯುತ್ತೆ. ಸೀಗಡಿ ಇಲ್ಲದಿದ್ರೆ 9-12 ಸೆಂ.ಮೀ. ಮುಳುಗುವ ಲೂರ್ (ನಕಲಿ ಎರೆ) ದಡದ ಉದ್ದಕ್ಕೆ, ನಡಿಗೆಗಿಂತ ಸ್ವಲ್ಪ ಜೋರಾಗಿ ಎಳೀರಿ; ಅದರ ತೆಳು ಗಾಳ ಬಿಚ್ಚಿ ದಪ್ಪದ್ದು ಹಾಕಿ. ದೊಡ್ಡ ಬಾರಾಮುಂಡಿಗಳೆಲ್ಲ ಬಹುಮಟ್ಟಿಗೆ ಹೆಣ್ಣು. ಈ ಮೀನು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುತ್ತೆ. 80 ಸೆಂ.ಮೀ. ದಾಟಿದ್ದನ್ನ ಬಿಟ್ಟುಬಿಡಿ; ತಿನ್ನೋಕೂ ಎರಡು, ಮೂರು ಕೆ.ಜಿ.ಯದ್ದೇ ರುಚಿ.

ನಿಮ್ಮ ಹಳೇ ರೀಲು ಕಾಣೆ ಮೀನಿಗೆ ಬರುತ್ತೆ. ಕೋಡಿ ಕಡೆ ಮರಳು ತಳದಲ್ಲಿ 8ನೇ ನಂಬರಿನ ಉದ್ದ ಕಡ್ಡಿಯ ಗಾಳ, 10 ಗ್ರಾಂ ಓಡುವ ಸೀಸ, ಬೆರಳ ತುದಿಯಷ್ಟು ಸೀಗಡಿ ತುಂಡು. ಉಬ್ಬಿಕೊಳ್ಳುವ ಗುಂಡುಮೀನು ಬಂದ್ರೆ ಅದು ಲೀಡರ್ ಕತ್ತರಿಸೋ ಮೊದಲೇ ಬಿಡಿ. ಅದನ್ನ ತಿನ್ನಬಾರದು, ವಿಷ.

ಕುದ್ರು_ನಿವಾಸಿ:

@ಏಡಿಗೂಡು ಹೇಳಿದ್ದರಲ್ಲಿ ತಕರಾರಿಲ್ಲ, ಆದರೆ ಹಿಡಿದ ಮೇಲಿನದ್ದು ಬಿಟ್ಟುಹೋಗಿದೆ. ಹಿಡಿದದ್ದೆಲ್ಲ ತಿನ್ನೋ ಏಡಿ ಅಲ್ಲ.

ಚಿಪ್ಪು ಬಿಟ್ಟು ಹೊಸದಾಗಿ ಗಟ್ಟಿಯಾದ ಏಡಿಯೊಳಗೆ ನೀರೇ ಜಾಸ್ತಿ. ತಿರುಗಿಸಿ, ಹಿಂದಿನ ಕಾಲುಗಳ ಬುಡದ ಹತ್ತಿರ ಎದೆ ಚಿಪ್ಪನ್ನ ಹೆಬ್ಬೆರಳಲ್ಲಿ ಒತ್ತಿ. ಸ್ವಲ್ಪವೂ ಬಾಗಬಾರದು. ಬಾಗಿದ್ರೆ ಬೇಯಿಸಿದಾಗ ನೀರೇ ಹೊರತು ಮಾಂಸ ಇಲ್ಲ, ಬಿಡಿ. ನೋಡೋಕೆ ಹೊಳೀತಾ ಚೆಂದ ಇರೋದೇ ಹೆಚ್ಚಾಗಿ ಪೊಳ್ಳು. ಚಿಪ್ಪು ಮಾಸಿ, ಕೊಂಬಿನ (ಮುಂದಿನ ಇಕ್ಕುಳ) ಹಲ್ಲು ಸವೆದು, ಬೆನ್ನ ಮೇಲೆ ಸಿಪ್ಪಿ ಹತ್ತಿದ್ದು ತುಂಬಿದ ಏಡಿ.

ಇಲ್ಲಿ ಎರಡು ಜಾತಿಯ ಕೆಸರೇಡಿ ಸಿಗುತ್ತೆ. ಕೊಂಬಿನ ಮಣಿಕಟ್ಟಿನ ಹೊರಬದಿಯಲ್ಲಿ ಎರಡು ಚೂಪು ಮುಳ್ಳು, ಎಲ್ಲ ಕಾಲುಗಳಲ್ಲೂ ಜಾಲದಂಥ ಚಿತ್ತಾರ ಇದ್ರೆ ದೊಡ್ಡ ಜಾತಿ, ಒಂದೂವರೆ ಕೆ.ಜಿ. ದಾಟಿಯೂ ಬೆಳೆಯುತ್ತೆ. ಮುಳ್ಳು ಮೊಂಡು ಅಥವಾ ಇಲ್ಲವೇ ಇಲ್ಲ, ಕೊಂಬು ಕೆಂಪು ಛಾಯೆ ಅಂದ್ರೆ ಸಣ್ಣ ಜಾತಿ. ಆದ್ದರಿಂದ ತೂಕ ನೋಡಿ ಮರಿಯೋ ದೊಡ್ಡದೋ ಅಂತ ಹೇಳೋಕೆ ಆಗಲ್ಲ, ಜಾತಿ ನೋಡ್ಬೇಕು. ದೊಡ್ಡ ಜಾತಿಯಲ್ಲಿ ಬೆನ್ನಿನ ಅಗಲ 12 ಸೆಂ.ಮೀ.ಗಿಂತ ಕಡಿಮೆ ಇದ್ದದ್ದನ್ನ ವಾಪಸ್ ಬಿಡಿ. ದೋಣಿಯ ಅಂಚಿನಲ್ಲೇ ಪೈಂಟಿನಲ್ಲಿ 12 ಸೆಂ.ಮೀ.ಗೆ ಎರಡು ಗೆರೆ ಎಳೆದಿಟ್ರೆ ಸ್ಕೇಲ್ ಹುಡುಕೋದು ತಪ್ಪುತ್ತೆ.

ಹೊಟ್ಟೆಯ ಮಡಿಕೆ ಕಿರಿದಾಗಿ ಚೂಪಾಗಿದ್ರೆ ಗಂಡು, ಅರ್ಧಚಂದ್ರದ ಹಾಗೆ ಅಗಲ ಇದ್ರೆ ಬೆಳೆದ ಹೆಣ್ಣು. ಹೆಣ್ಣು ಮೊಟ್ಟೆ ಇಡೋಕೆ ಅಳಿವೆ ದಾಟಿ ಕಡಲಿಗೆ ಹೋಗುತ್ತೆ. ಅಳಿವೆ ಹತ್ತಿರ ಸಿಗೋ ಭಾರದ ಹೆಣ್ಣು ಆ ದಾರಿಯಲ್ಲೇ ಇರೋದು. ಒಳಗಿನ ಕೇಸರಿ ಮೊಟ್ಟೆ ರುಚಿ ಅಂತ ಅದಕ್ಕೇ ಹೆಚ್ಚು ಬೆಲೆ, ಅದು ಬೇರೆ ವಿಷಯ. ಮೋಜಿಗೆ ಬಂದವರು ಗಂಡು ಮಾತ್ರ ಇಟ್ಕೊಂಡ್ರೆ ಏನೂ ಕಡಿಮೆ ಆಗಲ್ಲ. ಕೊಂಬು ದೊಡ್ಡದಿರೋದೂ ಗಂಡಿಗೇ.

ಇನ್ನು ನಡವಳಿಕೆ. ಕೋಲು ನೆಟ್ಟ ಬಲೆ ಕಂಡಲ್ಲಿ ಅದರ ಎದುರಿಗೆ ರಿಂಗ್ ಇಡಬೇಡಿ, ಅದು ಒಬ್ಬರ ಅನ್ನ. ಕಾಂಡ್ಲಾ ಕೊಂಬೆ ಕಡಿದು ಗೂಟ ಮಾಡೋದು ಬೇಡ. ಅಳಿವೆ ಬಾಯಿ ಕಡೆ ಇಳಿತದ ಹೊತ್ತಿನಲ್ಲಿ ಹೋಗಲೇಬೇಡಿ: ಹೊರಗೆ ಹರಿಯೋ ನೀರು, ಒಳಗೆ ಬರೋ ತೆರೆ ಎರಡೂ ಗುದ್ದಿ ಅಲ್ಲಿ ನೀರು ಎದ್ದು ನಿಂತು ಮಗುಚುತ್ತೆ, 16 ಅಡಿಯ ದೋಣಿಗೆ ಅದು ಜಾಗ ಅಲ್ಲ. ಲೈಫ್ ಜಾಕೆಟ್ ಹಾಕ್ಕೊಂಡೇ ಇರಿ, ಸೀಟಿನ ಕೆಳಗೆ ಇಟ್ಟದ್ದು ಲೆಕ್ಕಕ್ಕಿಲ್ಲ. ಮಳೆಗಾಲದ ಜೂನ್ 1ರಿಂದ ಜುಲೈ 31ರ ನಿಷೇಧ ನಿಮ್ಮ ತಿಂಗಳಿಗೆ ಬರಲ್ಲ. ಆದರೂ ಹೊರಡೋ ಮೊದಲು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಒಂದು ಮಾತು ಕೇಳಿ.

ಗಾಳದ_ಗೀಳು:

ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ದಿನ ಬದಲಾಯಿಸಿ ಅಮಾವಾಸ್ಯೆಯ ಮರುದಿನದಿಂದ ಇಟ್ಟಿದ್ದೇವೆ. ಇನ್ನೊಂದೇ ಪ್ರಶ್ನೆ: ಕೈಗೆ ಪೆಟ್ಟಾಗದೆ ಏಡಿ ಕಟ್ಟೋದು ಹೇಗೆ, ಬೆಂಗಳೂರಿನವರೆಗೆ ಜೀವಂತ ತರೋದು ಹೇಗೆ?

ಏಡಿಗೂಡು:

ರಿಂಗಿನಿಂದ ದೋಣಿಯ ತಳಕ್ಕೆ ಸುರೀರಿ, ಕೈ ಹಾಕಬೇಡಿ. ದಪ್ಪ ಅಡಿಯ ಬೂಟಿನಿಂದ ಬೆನ್ನನ್ನ ಹಿಂದಿನಿಂದ ಮೆಲ್ಲಗೆ ಒತ್ತಿ ಹಿಡೀರಿ. ತುಳಿಯೋದಲ್ಲ, ಅಲುಗದ ಹಾಗೆ ಅಷ್ಟೇ. 90 ಸೆಂ.ಮೀ. ಒದ್ದೆ ಸೆಣಬಿನ ಹುರಿ ತಗೊಂಡು ನಡುಭಾಗವನ್ನ ಕಣ್ಣಿನ ಮುಂದೆ, ಮಡಚಿದ ಎರಡು ಕೊಂಬಿಗೂ ದೇಹಕ್ಕೂ ನಡುವೆ ತೂರಿಸಿ. ಎರಡೂ ತುದಿಯನ್ನ ಒಂದೊಂದು ಕೊಂಬಿನ ಹೊರಗಿಂದ ಸುತ್ತಿ, ಹೊಟ್ಟೆಯಡಿ ಅಡ್ಡ ಹಾಯಿಸಿ, ಹಿಂದಿನ ಈಜುಕಾಲುಗಳ ಮಧ್ಯೆ ಬೆನ್ನ ಮೇಲೆ ಗಂಟು. ಆಮೇಲೆ ಹಿಡಿಯೋದು ಆ ಈಜುಕಾಲುಗಳ ಬುಡದಲ್ಲೇ, ಕೊಂಬು ಅಲ್ಲಿಗೆ ಎಟುಕಲ್ಲ. ಅಭ್ಯಾಸ ಆಗೋವರೆಗೆ ದೋಣಿಯವರೇ ಕಟ್ಟಲಿ, ನೀವು ನೋಡಿ.

ಕಚ್ಚಿದ್ರೆ ಎಳೀಬೇಡಿ, ಎಳೆದಷ್ಟೂ ಬಿಗಿ ಹಿಡಿಯುತ್ತೆ. ಕೈ ಸಮೇತ ನೀರಿಗೆ ಇಳಿಸಿ, ತಳ ಸಿಕ್ಕಿದ ಕೂಡಲೆ ಸಾಮಾನ್ಯವಾಗಿ ಬಿಟ್ಟು ಓಡುತ್ತೆ.

ಸಾಗಿಸೋಕೆ ನೀರು ತುಂಬಿದ ಬಕೆಟ್ ಬೇಡ. ನಿಂತ ನೀರಿನ ಆಮ್ಲಜನಕ ಒಂದೆರಡು ತಾಸಲ್ಲಿ ಮುಗಿದು ಅದರಲ್ಲೇ ಸಾಯುತ್ತೆ. ಹೊಳೆಯ ಉಪ್ಪುನೀರಲ್ಲಿ ನೆನೆಸಿ ಹಿಂಡಿದ ಗೋಣಿ, ರಂಧ್ರ ಇರೋ ಬುಟ್ಟಿ, ಒಂದೇ ಪದರ, ನೆರಳು. ಕಿವಿರು ಒದ್ದೆ ಇದ್ದಷ್ಟು ಹೊತ್ತು ಗಾಳಿಯಲ್ಲೇ ಉಸಿರಾಡುತ್ತೆ, ಎರಡು ದಿನ ಚೆನ್ನಾಗಿ ತಡೆಯುತ್ತೆ. ಐಸ್ ಮೇಲೆ ಇಡಬೇಡಿ, ಕಾರಿನ ಡಿಕ್ಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಬೇಡಿ. ದಾರಿಯಲ್ಲಿ ಸತ್ತದ್ದನ್ನ ಎಸೀರಿ, ಬಹಳ ಬೇಗ ಕೆಡುತ್ತೆ. ಮನೆಯಲ್ಲಿ ಬೇಯಿಸೋ ಮೊದಲು ಅರ್ಧ ತಾಸು ಐಸ್ ನೀರಲ್ಲಿ ಇಟ್ರೆ ಮರಗಟ್ಟುತ್ತೆ. ಕುದಿನೀರಿಗೆ ನೇರ ಹಾಕಿದ್ರೆ ಒದ್ದಾಡಿ ಕಾಲು ಕಳಚಿ ರಸವೆಲ್ಲ ಪಾತ್ರೆಗೆ.

ಭರ್ತ_ಇಳ್ತ:

ದಿನ ಬದಲಾಯಿಸಿದ್ದಕ್ಕೆ ಹೊತ್ತೂ ಬದಲಾಯ್ತು, ಮೇಲಿನ 3.30 ಮರೆತುಬಿಡಿ. ಅಮಾವಾಸ್ಯೆ ಮರುದಿನ ಇಳಿತ ಮುಗಿಯೋದು ಬೆಳಿಗ್ಗೆ 6-7ರ ಹೊತ್ತಿಗೆ, ಅಲ್ಲಿಂದ ಮಧ್ಯಾಹ್ನದವರೆಗೆ ಏರು. ಹೊಳೆಯೊಳಗೆ ಇನ್ನೂ ಸ್ವಲ್ಪ ತಡ. ಬೆಳಕು ಹರಿಯುವಾಗ ಕಡವಿನಲ್ಲಿರಿ. ನೀರು ತೋಡಿನ ಬಾಯಿಗೆ ತಿರುಗಿದ ಕೂಡಲೆ ರಿಂಗ್ ಇಳಿಸಿ, ಕಾಂಡ್ಲಾ ಬುಡ ಒದ್ದೆಯಾಗೋವರೆಗೆ ಸುಗ್ಗಿ. ಬೇರು ಮುಳುಗಿದ ಮೇಲೆ ಏಡಿಯೆಲ್ಲ ಒಳಗೆ ಹೊಕ್ಕಿರುತ್ತೆ, ಆಗ ಗಾಳಕ್ಕೆ ಹೋಗಿ. ನಡು ಏರಿನಲ್ಲಿ ಸೆಳೆತ ಜೋರು, 10 ಎಂಎಂ ಸರಳಿನ ರಿಂಗ್ ಆದ್ರೂ ಬಳೆಗೆ ಮೂರು ಕಡೆ 100 ಗ್ರಾಂ ಸೀಸ ಕಟ್ಟಿಸಿ. ತೇಲು ನೀರಿನಡಿ ಎಳೆದುಕೊಂಡು ಹೋಗ್ತಾ ಇದ್ರೆ ಹಗ್ಗಕ್ಕೆ ಇನ್ನೆರಡು ಮೀಟರ್ ಸೇರಿಸಿ.